ನಮ್ಮ ಕಾಕಾನ ಮೂಗು

ನಮ್ಮ ಕಾಕಾ ಮನುಷ್ಯರನ್ನು ನಂಬುವುದು ಮೂಗಿನಿಂದ. ಕಣ್ಣು, ಕಿವಿ ಎಲ್ಲ ಬರೀ ಶೋಕಿಗೆ! ಅನಗೋಳದ ಮನೆಗೆ ಯಾರೇ ಬರಲಿ, "ಬರ್ರಿ, ಕುಂದರ್ರಿ" ಎನ್ನುತ್ತ ಮುಖದ ಹತ್ತಿರ ಬಂದು ಉಸಿರೆಳೆದುಕೊಳ್ಳುತ್ತಾನೆ. ಬಂದವರು ಅದನ್ನು ಪ್ರೀತಿ ಎಂದುಕೊಳ್ಳುತ್ತಾರೆ. ಅದು ತಪಾಸಣೆ! ಕುಡಿದು ಬಂದಿದ್ದಾರೋ, ಇಲ್ಲವೋ?

ಲಿಂಗ ಕಟ್ಟಿಕೊಂಡ ಮನೆತನ, ಹೆಂಡ ಹೊಸ್ತಿಲು ದಾಟಬಾರದು ಎನ್ನುವುದು ಅವನ ಕಾನೂನು. ಒಮ್ಮೆ ನನ್ನ ಕೆಮ್ಮಿನ ಔಷಧಿಯನ್ನು ಮೂಸಿ, "ಇದರಾಗೂ ಏನೋ ಐತಿ" ಎಂದು ಮೋರಿಗೆ ಸುರಿದ. ಕೆಮ್ಮು ಮಾತ್ರ ನನ್ನ ಹತ್ತಿರವೇ ಉಳಿಯಿತು!

ಮಗಳಿಗೆ ವರ ನೋಡಲು ನಮ್ಮೂರಿನದೇ ಸದಾಶಿವನಗರಕ್ಕೆ ಹೋದಾಗ ವರ ಸೆಂಟಿನಿಂದ ಘಮಘಮಿಸುತ್ತಿದ್ದ. "ಇದನ್ನ ಗಲ್ಲಕ್ಕ ಹಚ್ಚಿಕೊಂಡೀಯೋ, ಗಂಟಲಕ್ಕ ಹೊಯ್ಕೊಂಡೀಯೋ? ಮಾರಿ ತೊಳಕೊಂಡ ಬಾ ತಮ್ಮಾ!" ಎಂದ ಕಾಕಾ. ಪುಣ್ಯಾತ್ಮ ತೊಳೆದುಕೊಂಡು ಬಂದ, ಪಾಸಾದ. ಲಗ್ನ ನಿಶ್ಚಯವಾಯಿತು.

ತೊಡಕು ಇದ್ದದ್ದು ಕಾಕಾನ ತಮ್ಮನದು. ಖಾನಾಪುರದ ಹೊಲ ನೋಡಿಕೊಳ್ಳುವ ಅವನು ಮಹಾ ಕುಡುಕ. ಕುಡಿಯುವ ಮುಂಚೆ ಕೊರಳ ಲಿಂಗವನ್ನು ತೆಗೆದು ಗೂಟಕ್ಕೆ ಹಾಕಿ, ನಶೆ ಇಳಿದ ಮೇಲೆ ಕಟ್ಟಿಕೊಳ್ಳುತ್ತಿದ್ದನಂತೆ. "ಮರ್ಯಾದಿ ಅಂದ್ರ ಇದು" ಅನ್ನುತ್ತಿದ್ದನಂತೆ. (ಇದು ನಾನು ಕೇಳಿದ್ದೋ, ಹೇಳುತ್ತ ಹೇಳುತ್ತ ಬೆಳೆಸಿದ್ದೋ? ನನ್ನನ್ನೂ ಪೂರ್ತಿ ನಂಬಬೇಡಿ!) ಕಾಕಾ ಅವನನ್ನು ಮನೆಗೆ ಸೇರಿಸುವುದನ್ನೇ ಬಿಟ್ಟಿದ್ದ. ಈಗ ಆ ತಮ್ಮ ನೆರೆಯ ಮರಾಠಿ ಮಂದಿಯ ಜೊತೆ ಪಂಢರಪುರಕ್ಕೆ ನಡೆದು ಹೋಗಿ ತುಳಸಿ ಮಾಲೆ ಹಾಕಿಸಿಕೊಂಡು ಬಂದಿದ್ದ. ಮಾಲೆ ಹಾಕಿದವನು ಹೆಂಡ ಮುಟ್ಟುವಂತಿಲ್ಲ. "ಅಣ್ಣಾ, ಬಿಟ್ಟೇನಿ. ಲಗ್ನಕ್ಕ ಬರ್ಲೇನು?" ಎಂದು ಫೋನು.

"ಲಿಂಗಕ್ಕ ಬಗ್ಗದಾವ ಮಾಲಿಗೆ ಬಗ್ಗತಾನೇನು? ಮೂಸಿ ನೋಡಬೇಕು!" ಎಂದು ಕಾಕಾ ನನ್ನ ಬೈಕ್ ಹತ್ತಿದ. ಅರ್ಧ ದಾರಿಯೂ ಆಗಿಲ್ಲ, ಪೀರನವಾಡಿಯಿಂದಲೇ ಗಾಳಿ ಮೂಸಲು ಶುರು!

ತಮ್ಮನ ಬಾಯಿ ಶುದ್ಧವಾಗಿತ್ತು. ಆದರೆ ಮೂಗು ಸುಮ್ಮನಿರಬೇಕಲ್ಲ! ಅಕ್ಕಿ ಡಬ್ಬಿಯ ಹಿಂದೆ ತುಂಬಿದ ಬಾಟಲಿ ಸಿಕ್ಕಿತು.

"ಇದೇನೋ ಕಳ್ಳಾ?"

"ಹೊಲ ಕಾಯೋ ದೇವರಿಗೆ, ಅಣ್ಣಾ. ಅಪ್ಪನ ಕಾಲದಿಂದ ವರ್ಷಕ್ಕೊಮ್ಮೆ ಬದುವಿನ ಮ್ಯಾಲ ಹೊಯ್ತೀವಲ್ಲ."

"ನೀ ಬಿಟ್ಟೀಯಲ್ಲೋ!"

"ನಾ ಮಾಲಿ ಹಾಕ್ಕೊಂಡೇನಿ. ದೇವರು ಹಾಕ್ಕೊಂಡಿಲ್ಲಲ್ಲ!"

ಕಾಕಾ ಕೂತೇಬಿಟ್ಟ. ತಮ್ಮ ತಲೆ ತಗ್ಗಿಸಿದ. "ಬಾಜೂ ಮನಿಯಾವ ತಂದಿಟ್ಟಾನ, ನಾ ಮುಟ್ಟಿಲ್ಲ. ಮುಚ್ಚಳ ತಗದ್ರ ಕೈ ದೇವರ ಕಡೆ ಹೋಗತೈತೋ, ಬಾಯಿ ಕಡೆ ಹೋಗತೈತೋ... ನನಗ ನನ್ನ ಮ್ಯಾಲ ನಂಬಿಕಿ ಇಲ್ಲಣ್ಣಾ. ನೀ ಹೊಯ್ದ ಬರ್ತೀಯೇನು?"

ಊಹಿಸಿಕೊಳ್ಳಿ! ಹಣೆ ತುಂಬ ವಿಭೂತಿ, ಕೈಯಲ್ಲಿ ಬಾಟಲಿ, ಹೊಲದ ಬದುವಿನ ಮೇಲೆ ನಮ್ಮ ಕಾಕಾ! ಎದುರು ಬಂದ ಮುದುಕಿ, "ಈ ವಯಸ್ಸಿನ್ಯಾಗ ಬೇಕಿತ್ತೇನ್ರೀ ಇದು?" ಎಂದು ಮೂಗು ಮುಚ್ಚಿಕೊಂಡಳು. ಕಾಕಾ ಅಂಗೈಗೆ ಉಸಿರು ಬಿಟ್ಟು ಮೂಸಿಕೊಂಡ. ತನ್ನ ಮೇಲೇ ಅನುಮಾನ ಬಂತೋ ಏನೋ!

ದೇವರ ಕಲ್ಲಿನ ಬುಡಕ್ಕೆ ಕಾಕಾ ಬಾಟಲಿ ಬರಿದು ಮಾಡಿದ. ದೂರದಲ್ಲಿ ತಮ್ಮ ಮೂಗಿಗೆ ಟವೆಲ್ ಒತ್ತಿಕೊಂಡು, ಬೆನ್ನು ತಿರುಗಿಸಿ ನಿಂತಿದ್ದ.

ಹಳ್ಳದ ನೀರಿನಲ್ಲಿ ಕಾಕಾ ಕೈ ತೊಳೆದ. ಮೂಸಿದ. ಮಣ್ಣು ಹಚ್ಚಿ ತಿಕ್ಕಿದ. ಮತ್ತೆ ಮೂಸಿದ.

"ಸಾಕು ಬಾ ಕಾಕಾ," ಎಂದೆ.

"ತಡಿಯೋ. ಕಿಸೇದಾಗ ಲಗ್ನದ ಅಕ್ಷತಿ ತಂದೇನಿ, ಈ ಕೈಲೇ ತಮ್ಮಗ ಕೊಟ್ಟು ಲಗ್ನಕ್ಕ ಕರೀಬೇಕು. ವಾಸನಿ ಬಡದ್ರ ಪಾಪ, ಅವ ತ್ರಾಸ ಪಡತಾನ."