ಮರ ಸವೆಯಬಾರದು

ಕನ್ನಡ ಪಂಡಿತನಿಗೆ ಒಂದು ಮಾತಿನ ಅರ್ಥ ತಿಳಿಯದಿದ್ದರೆ ಅವನು ಯಾರನ್ನೂ ಕೇಳುವುದಿಲ್ಲ, ತಿಳಿದವನಂತೆ ತಲೆದೂಗುತ್ತಾನೆ. ಶ್ರೀನಿವಾಸಪುರದ ಸ್ಕೂಲಿನಲ್ಲಿ ನಾನು ಹೀಗೆ ತಲೆದೂಗಿಕೊಂಡೇ ಮೂರು ವರ್ಷ ಮರ್ಯಾದೆಯಿಂದ ಬದುಕಿದ್ದೆ. ನಾನು ಹುಟ್ಟಿ ಬೆಳೆದದ್ದು ಮಾಲೂರಿನ ಕಡೆ. ಇಲ್ಲಿಯ ಜನ ಮಾತನ್ನು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಾರೆ. ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧಕ್ಕೆ "ಹೌದೌದು" ಅನ್ನುತ್ತಿದ್ದೆ. ಆ "ಹೌದೌದು" ನನ್ನನ್ನು ಹಳ್ಳಕ್ಕೆ ಕೆಡವಿದ್ದು ಒಂದು ಮೋಟಾರು ಕಾರಿನ ವಿಷಯದಲ್ಲಿ.

ಕಾರು ನಮ್ಮ ಮಾವನವರದು. ನಮ್ಮ ಮದುವೆಯ ಮೆರವಣಿಗೆ ನಡೆದದ್ದು ಅದರಲ್ಲೇ. ಆಮೇಲೆ ಗೌನಿಪಲ್ಲಿಯ ಅವರ ಮಾವಿನ ತೋಪಿನಲ್ಲಿ ನಿಂತು ನಿಂತು ತುಕ್ಕು ಹಿಡಿದು, ಸೀಟಿನ ಮೇಲೆ ಕೋಳಿ ಮೊಟ್ಟೆಯಿಡುವ ಮಟ್ಟಕ್ಕೆ ಇಳಿಯಿತು. ಯುದ್ಧ ಬಂತು, ಕಬ್ಬಿಣಕ್ಕೆ ಬರ ಬಂತು, ಗುಜರಿಯವನು ಎರಡು ಸಲ ಬಂದು ಕಾರನ್ನು ತಟ್ಟಿ ನೋಡಿ ಹೋದ. ಅವನು ಮೂರನೆಯ ಸಲ ಬರುವ ಮೊದಲೇ ನಾನು ಮಾವನವರ ಮುಂದೆ ಹೋಗಿ ನಿಂತೆ. "ನಾನು ಓಡೋ ಹಂಗೆ ಮಾಡ್ತೀನಿ ಮಾವ" ಅಂದುಬಿಟ್ಟೆ. ಭಾವಮೈದುನರೆಲ್ಲ ನಕ್ಕರು. ಮಾವನವರು ನಗಲಿಲ್ಲ. "ಕಾಯಿ ಕೀಳೋ ಹೊತ್ಗೆ ಈ ಬಾಗಿಲಿಗೆ ಓಡ್ಕೊಂಡು ಬಂದ್ರೆ ಗಾಡಿ ನಿಮಗೇ ಕೊಡ್ತೀನಿ ಅಳಿಯಂದ್ರೇ. ಇಲ್ಲಾಂದ್ರೆ ಗುಜರಿಗೆ" ಅಂದರು.

ಎತ್ತು ಕಟ್ಟಿ ಎಳೆಸಿಕೊಂಡು ಬಂದು ನಮ್ಮ ಹಿತ್ತಲಲ್ಲಿ ನಿಲ್ಲಿಸಿದೆವು. ಬಸ್ಸು ರಿಪೇರಿ ಮಾಡುವ ಚೌಡಪ್ಪ ಇಂಜಿನ್ನಿಗೆ ಕೈಹಾಕಿದ. ಬಿಚ್ಚಿದ ಬೋಲ್ಟು ನಟ್ಟುಗಳನ್ನೆಲ್ಲ ಒಂದು ಬಾಂಡಲಿಗೆ ಸುರಿದು ನನ್ನ ಮುಂದಿಟ್ಟ. "ಹೊಸವು ಎಲ್ಲೂ ಸಿಗಲ್ಲ ಮೇಷ್ಟ್ರೇ, ಇವನ್ನೇ ಹೊಸದು ಮಾಡ್ಬೇಕು. ಅರ ಹಾಕ್ತೀರೋ ಏನ್ ಮಾಡ್ತೀರೋ, ತುಕ್ಕು ಹೋಗ್ಲಿ. ಆದ್ರೆ ಮರ ಮಾತ್ರ ಸವೀಬಾರ್ದು, ಜೋಪಾನ!" ಅಂದ.

"ಹೌದೌದು" ಅಂದೆ.

ಮರ ಎಲ್ಲಿದೆಯೆಂದು ಕಾರಿನ ಸುತ್ತ ಹುಡುಕಿದೆ. ಚಕ್ರದ ಕಡ್ಡಿಗಳು ಮರದವು. ಚೌಡಪ್ಪ ಎಂಥ ಸೂಕ್ಷ್ಮದ ಮನುಷ್ಯ ಅಂದುಕೊಂಡು, ಮನೆಯಲ್ಲಿದ್ದ ಕಂಬಳಿ ದುಪ್ಪಟಿಗಳನ್ನು ತಂದು ನಾಲ್ಕೂ ಚಕ್ರಗಳಿಗೆ ಹೊದಿಸಿ, ದೂರದ ಮೂಲೆಯಲ್ಲಿ ಕುಳಿತು ಅರ ಹಿಡಿದೆ. ಇಡೀ ಭಾನುವಾರ ಉಜ್ಜಿದೆ. ಬೋಲ್ಟಿನ ಮೈಗೆ ಸುತ್ತಿಕೊಂಡಿದ್ದ ಗೆರೆಗಳಲ್ಲೇ ತುಕ್ಕೆಲ್ಲ ಅಡಗಿ ಕೂತಿತ್ತು. ಆ ಗೆರೆಗಳನ್ನೇ ತೆಗೆದೆ. ಹನ್ನೊಂದು ಬೋಲ್ಟುಗಳು ಬೆಳ್ಳಿ ಕಡ್ಡಿಗಳ ಹಾಗೆ ಹೊಳೆದವು. ನಟ್ಟು ಹಾಕಿದರೆ ತಿರುಗಿಸುವ ತೊಂದರೆಯೇ ಇಲ್ಲ, ಸರ್ರನೆ ಜಾರುತ್ತಿತ್ತು. ಬಗ್ಗಿಸಿದರೆ ಅಷ್ಟೇ ಸಲೀಸಾಗಿ ಕೆಳಗೆ ಬೀಳುತ್ತಿತ್ತು. ತುಕ್ಕು ಹೋದರೆ ಹೀಗೇ ಎಂದು ಹಿಗ್ಗಿದೆ.

ಸಂಜೆ ನನ್ನ ಹೆಂಡತಿ ವೆಂಕಟಲಕ್ಷ್ಮಿ ಕಂಬಳಿ ಹುಡುಕಿಕೊಂಡು ಹಿತ್ತಲಿಗೆ ಬಂದಳು.

"ಏನ್ರೀ ಇದು, ಗಾಡಿಗೆ ಚಳಿಜ್ವರವಾ?"

"ಚೌಡಪ್ಪ ಹೇಳಿದಾನೆ ಕಣೇ, ಮರ ಸವೀಬಾರ್ದು ಅಂತ."

ಅವಳು ನನ್ನ ಕೈಲಿದ್ದ ಬೋಲ್ಟನ್ನು ನೋಡಿದಳು. ಒಳಗೆ ಹೋಗಿ, ಪ್ರಯಾಣದಲ್ಲಿ ನೀರು ಒಯ್ಯಲು ತವರಿನಿಂದ ತಂದಿದ್ದ ಹಿತ್ತಾಳೆಯ ಮರಚೆಂಬನ್ನು ತಂದಳು. "ಇದಕ್ಕೆ ಮರಚೆಂಬು ಅಂತ ಯಾಕಂತಾರೆ ಹೇಳಿ ಪಂಡಿತರೇ. ಮರದಲ್ಲಿ ಮಾಡಿದಾರಾ?" ಮುಚ್ಚಳವನ್ನು ತಿರುಗಿಸಿ ಬಿಚ್ಚಿ, ಕತ್ತಿನ ಸುತ್ತಲಿನ ಗೆರೆಗಳ ಮೇಲೆ ನನ್ನ ಬೆರಳಿಟ್ಟಳು. "ನಮ್ಮ ತೆಲುಗಲ್ಲಿ ಮರ ಅಂದ್ರೆ ಈ ಸುತ್ತು ರೀ, ಈ ಸುತ್ತು!" ನಕ್ಕು ನಕ್ಕು ಕಾರಿನ ಫುಟ್‌ಬೋರ್ಡಿನ ಮೇಲೆ ಕುಸಿದು ಕೂತಳು. ನನಗೆ ನಿಜವಾಗಿ ಅಳು ಬಂತು.

ಅದನ್ನು ಕಂಡು ಅವಳು ನಗು ನಿಲ್ಲಿಸಿ ಸೆರಗು ಬಿಗಿದಳು. ಉಳಿದ ಬೋಲ್ಟುಗಳನ್ನು ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿ, ತೆಂಗಿನ ನಾರಿನಿಂದ ಸುತ್ತು ಸುತ್ತನ್ನೂ ತಿಕ್ಕಿ ತೊಳೆದು, ಇದ್ದಲ ಒಲೆಯಲ್ಲಿ ಕಾಯಿಸಿ, ಹೊಂಗೆ ಎಣ್ಣೆಯಲ್ಲಿ ಅದ್ದಿದಳು. ಚಿಕ್ಕವಳಿದ್ದಾಗ ಅವಳ ಊರಿನ ಕಮ್ಮಾರ ಹೀಗೆ ಮಾಡುವುದನ್ನು ನೋಡಿದ್ದಳಂತೆ. ಚುಂಯ್ ಎಂದು ಹೊಗೆಯೆದ್ದು ಬೀದಿಯವರೆಲ್ಲ ಕೆಮ್ಮಿದರು. ಬೋಲ್ಟುಗಳು ಮಾತ್ರ ನೇರಳೆ ಹಣ್ಣಿನಂತೆ ಕಪ್ಪಗೆ ಮಿಂಚಿದವು. ನನಗೆ ಸಿಕ್ಕಿದ್ದು ಬೀಸಣಿಗೆ ಬೀಸುವ ಕೆಲಸ. ಹುಣಸೆಹಣ್ಣೆಲ್ಲ ಬೋಲ್ಟಿಗೆ ಹೋದದ್ದರಿಂದ ವಾರವೆಲ್ಲ ಸಪ್ಪೆ ಸಾರು, ತೆಪ್ಪಗೆ ಉಂಡೆ. ನನ್ನ ಹನ್ನೊಂದು ಬೋಲ್ಟುಗಳಿಗೆ ಚೌಡಪ್ಪ ಒಂದು ಸೈಜು ಸಣ್ಣದಾಗಿ ಮರ ಕೊಯ್ದು, ಸಣ್ಣ ನಟ್ಟು ಹೊಂದಿಸಿ, "ಇವನ್ನ ಮಡ್‌ಗಾರ್ಡಿಗೆ ಹಾಕೋಣ, ಬಿದ್ರೂ ಯಾರೂ ಸಾಯಲ್ಲ" ಅಂದ.

ಕಾಯಿ ಕೀಳುವ ಮೊದಲೇ ಚೌಡಪ್ಪ ಇಂಜಿನ್ನಿಗೆ ಜೀವ ತಂದು, ನನಗೆ ಓಡಿಸುವುದನ್ನೂ ಕಲಿಸಿದ. ಪೆಟ್ರೋಲಿಗೆ ಕೂಪನ್ನು ಕಾಡಿ ಬೇಡಿ ಸಂಪಾದಿಸಿ, ಹೆಂಡತಿಯನ್ನು ಕೂರಿಸಿಕೊಂಡು ನಾನೇ ಓಡಿಸಿದೆ. ಆಹಾ, ಆ ದಿನದ ಗತ್ತು! ಗೌನಿಪಲ್ಲಿಯವರೆಗೆ ಒಂದೇ ಒಂದು ಬೋಲ್ಟೂ ಉದುರಲಿಲ್ಲ. ಹಾರನ್ ಕೇಳಿ ಭಾವಮೈದುನರು ತೋಪಿನಿಂದ ಓಡಿಬಂದರು, ಒಬ್ಬನೂ ನಗಲಿಲ್ಲ. ಮಾವನವರು ಕಾರಿಗೆ ಒಂದು ಪ್ರದಕ್ಷಿಣೆ ಬಂದು, ಬಗ್ಗಿ, ಕರಿ ಬೋಲ್ಟುಗಳನ್ನು ಬೆರಳಿನಿಂದ ಸವರಿದರು.

"ಇದನ್ನ ಯಾರು ಮಾಡಿದ್ದು?"

"ನಾನೇ ಮಾವ" ಅಂದೆ, ಎದೆಯುಬ್ಬಿಸಿ.

ಪಕ್ಕದಲ್ಲಿ ವೆಂಕಟಲಕ್ಷ್ಮಿ ತನ್ನ ಕೈಗಳನ್ನು ಮೆಲ್ಲಗೆ ಸೆರಗಿನೊಳಗೆ ಅಡಗಿಸಿಕೊಂಡಳು. ಮಾವನವರು ಅದನ್ನು ಕಂಡರು. ಮಗಳ ಕೈ ಹಿಡಿದೆಳೆದು ಕರಿಹಿಡಿದ ಉಗುರುಗಳನ್ನು ನೋಡಿದರು, ಆಮೇಲೆ ನನ್ನ ಶುಭ್ರವಾದ ಕೈಗಳನ್ನು ನೋಡಿದರು. ಕಾರಿನ ಕೀ ತೆಗೆದು ಅವಳ ಅಂಗೈಯಲ್ಲಿಟ್ಟು ಮುಚ್ಚಿದರು. "ಬಂಡಿ ನಿಂದೇ ತಲ್ಲೀ. ಡ್ರೈವರೂ ಪರವಾಗಿಲ್ಲ, ಇಟ್ಕೋ."

ವಾಪಸು ಬರುವಾಗ ಒಡತಿ ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ಅಷ್ಟು ಖುಷಿಯಿಂದ ನಾನು ಇನ್ಯಾವ ನೌಕರಿಯನ್ನೂ ಮಾಡಿಲ್ಲ.