ಮಾವನವರ ಬಸ್ಸಿನ ಬಿಗಿ ನಟ್ಟು

ಕಣ್ಣಿಗೆ ಕಾಣುವುದಕ್ಕೆ ಮಾತ್ರ ತಲೆಕೆಡಿಸಿಕೊಳ್ಳುವುದು ಮನುಷ್ಯನ ಸ್ವಭಾವ. ಮದುವೆ ಮನೆಯ ಚಪ್ಪರಕ್ಕೆ ಸಿಗುವ ಗಮನ ಅಡುಗೆಯವನ ಒಲೆಗೆ ಸಿಗುವುದಿಲ್ಲ. ನಮ್ಮ ಮಾವನವರು ತಮ್ಮ ಹಳೇ ಬಸ್ಸನ್ನು ಚಳ್ಳಕೆರೆಯ ಶೆಡ್ಡಿನಲ್ಲಿ ಬಿಚ್ಚಿ ಮತ್ತೆ ಕಟ್ಟಿಸಿದ್ದೂ ಹೀಗೆಯೇ. ಬಣ್ಣ ಯಾವುದಿರಬೇಕೆಂದು ಎಣ್ಣೆ ಗಿರಣಿಯ ಗೆಳೆಯರೆಲ್ಲ ಬಂದು ಸಭೆ ನಡೆಸಿದರು. ಕ್ಯಾಸೆಟ್ ಪ್ಲೇಯರಿಗೆ ಇನ್ನೊಂದು ಸಭೆ. ಗಾಲಿಯೊಳಗಿನ ಬೇರಿಂಗಿಗೆ ಯಾವ ಸಭೆಯೂ ಇಲ್ಲ. ಪಾಪ, ಅದು ಕಾಣುವುದಿಲ್ಲವಲ್ಲ. ನಾನು ಆ ಬಸ್ಸಿನ ಮ್ಯಾನೇಜರು. ಅಂದರೆ ಮನೆ ಅಳಿಯ.

ಮೆಕ್ಯಾನಿಕ್ ಬಾಬುಸಾಬ್ ಮುಂದಿನ ಗಾಲಿ ತಿರುಗಿಸುತ್ತ ನಟ್ಟು ಬಿಗಿದು, ಮತ್ತೆ ಒಂದಿಷ್ಟು ಸಡಿಲಿಸಿದ. ಮಾವನವರು ಹೌಹಾರಿದರು.

“ಯಾಕ್ಲೇ ಬಿಚ್ತೀಯ?”

“ಪೂರ್ತಿ ಬಿಗಿದ್ರೆ ಬೇರಿಂಗ್ ಕಾದು ಗಾಲಿ ಹಿಡ್ಕಂತೈತ್ರಿ ಸಾವ್ಕಾರ್ರೆ.”

“ಸಡಿಲ ಆಗಿ ಕಳಚ್ಕಂಡು ಹೋದ್ರೆ ಮರ್ಯಾದಿ ಯಾರ್ದು? ಬಿಗಿ ಮಾಡು! ಏನಂತೀರಿ ಅಳಿಯಂದ್ರೆ?”

ಬಾಬುಸಾಬ್ ನನ್ನತ್ತ ಆಸೆಯಿಂದ ನೋಡಿದ. ಅವನ ಮಾತು ನನಗೆ ಅರ್ಥವಾಗಿತ್ತು. ಆದರೆ ನಾನು ಉಣ್ಣುತ್ತಿದ್ದುದು ಮಾವನವರ ಮನೆಯ ಮುದ್ದೆ. “ಬಿಗೀನೇ ಇರ್ಲಿ” ಎಂದೆ.

ಬಸ್ಸು ರಸ್ತೆಗಿಳಿದ ಮೊದಲ ದಿನ, ನಾದಿನಿಯ ಮದುವೆ ಸೀರೆ ತರಲು ಇಡೀ ನೆಂಟರ ಬಳಗ ಮೊಳಕಾಲ್ಮುರಿಗೆ ಹೊರಟಿತು, ಬಾಬುಸಾಬನೂ ಜೊತೆಗಿದ್ದ. ಅರ್ಧ ದಾರಿಯಲ್ಲಿ ಸುಟ್ಟ ಗ್ರೀಸಿನ ವಾಸನೆ, ಎಡಗಡೆಯ ಮುಂದಿನ ಗಾಲಿಯಿಂದ ಹೊಗೆ. ಒಳಗೆ ನನ್ನ ಹೆಂಡತಿ, ಮಕ್ಕಳು. “ನಿಲ್ಸಿ, ನಿಲ್ಸಿ” ಎಂದು ಕೂಗಿ ಬಸ್ಸು ನಿಲ್ಲಿಸಿದೆ. ಮಾವನವರು ಇಳಿದು ನೋಡಿ, “ಪೂಜೆ ನಿಂಬೆಹಣ್ಣು ಈ ಗಾಲಿಗೆ ಸರಿಯಾಗಿ ಒಡ್ದಿಲ್ಲ” ಎಂದು ತೀರ್ಪು ಕೊಟ್ಟು, ಎಲ್ಲರನ್ನೂ ಕರೆದುಕೊಂಡು ರಸ್ತೆ ಪಕ್ಕದ ಗುಡಿಗೆ ಕಾಯಿ ಒಡೆಸಲು ಹೋದರು. ನಾನು ಬಾಬುಸಾಬನ ಕಿವಿಯಲ್ಲಿ, “ಅವ್ರು ಬರೋದ್ರೊಳಗೆ ಸಡಿಲ ಮಾಡಪ್ಪಾ” ಎಂದೆ. ಪುಣ್ಯಕ್ಕೆ ಪೂಜಾರಿ ನಿಧಾನಸ್ಥ. ಮಂಗಳಾರತಿ ಮುಗಿಯುವಷ್ಟರಲ್ಲಿ ಗಾಲಿ ಆರಿ, ನಟ್ಟೂ ಸಡಿಲವಾಗಿತ್ತು. ಬಸ್ಸು ಸಲೀಸಾಗಿ ಓಡಿತು.

“ನೋಡಿದ್ರಾ, ಕಾಯಿ ಮಹಿಮೆ!” ಎಂದರು ಮಾವನವರು. ಅಂದಿನಿಂದ ಗಾಲಿ ಬಿಚ್ಚಿದಾಗಲೆಲ್ಲ ಅವರು ನಿಂತು ಬಿಗಿಸುತ್ತಾರೆ, ಕಾಯಿ ಒಡೆಸಲು ಹೋಗುತ್ತಾರೆ, ನಾವು ಸಡಿಲಿಸುತ್ತೇವೆ.

ಆದರೂ ನನಗೆ ಭಯ. ಬಸ್ಸು ನಿಂತಲ್ಲೆಲ್ಲ ಇಳಿದು, ಗಾಲಿಯ ನಡುಮಧ್ಯೆ ಅಂಗೈಯಿಟ್ಟು ಕಾದಿದೆಯೇ ಎಂದು ನೋಡುತ್ತೇನೆ. ಜನ ಅದನ್ನು ಭಕ್ತಿಯೆಂದುಕೊಂಡರು. ಈಗ ಹತ್ತುವವರೆಲ್ಲ ಆ ಗಾಲಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಯಾರೋ ಕುಂಕುಮವನ್ನೂ ಹಚ್ಚಿದ್ದಾರೆ. “ನಮ್ಮ ಅಳಿಯಂದ್ರಿಗೆ ದೇವ್ರು ಅಂದ್ರೆ ಭಾಳ ನಂಬಿಕೆ ಐತಮ್ಮ” ಎಂದು ಅತ್ತೆಯವರು ಬೀದಿಗೆಲ್ಲ ಹೇಳುತ್ತಾರೆ.

ಮೊನ್ನೆ ಮೊಳಕಾಲ್ಮುರಿನಲ್ಲಿ ಇಳಿದು ಗಾಲಿ ಮುಟ್ಟಿದೆ. ತಣ್ಣಗಿತ್ತು. ಸುತ್ತಮುತ್ತ ಯಾರೂ ಇರಲಿಲ್ಲ. ಕೈ ತಾನಾಗಿಯೇ ಕಣ್ಣಿಗೆ ಹೋಯಿತು.