‘ನಾನು’ ಎಂದರೆ ನಾನಲ್ಲ

ಬರೆಯುವ ಮನುಷ್ಯನಿಗೆ ಕನ್ನಡದಲ್ಲಿ ‘ನಾನು’ ಎಂಬುದಕ್ಕಿಂತ ಅಪಾಯದ ಮಾತು ಇನ್ನೊಂದಿಲ್ಲ. ಬೈಗುಳ ಬರೆದರೆ ಕ್ಷಮೆ ಕೇಳಬಹುದು, ತಪ್ಪು ಬರೆದರೆ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಬಹುದು. ಆದರೆ ಒಂದು ಪ್ರೇಮಕತೆಯಲ್ಲಿ ‘ನಾನು’ ಎಂದು ಬರೆದು ಅದು ಅಚ್ಚಾಗಿಬಿಟ್ಟಿತೋ, ಮುಗಿಯಿತು. ಆಮೇಲೆ ದೇವರ ಮುಂದೆ ಕರ್ಪೂರ ಹಚ್ಚಿ ಆರಿಸಿದರೂ ಯಾರೂ ನಂಬುವುದಿಲ್ಲ. ಇದನ್ನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ವರ್ಷಗಳು ಕಳೆದಿವೆ, ತಲೆ ಅರ್ಧ ಬೆಳ್ಳಗಾಗಿದೆ, ಸಿಟ್ಟು ಮಾತ್ರ ಇನ್ನೂ ಕರ್ರಗೇ ಇದೆ.

ಆಗ ನಾನು ಹುಣಸೂರಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಹೊಂಗೆ ಮರದ ಕೆಳಗೆ ಒಂದು ಇಳಿಜಾರು ಮೇಜು ಇಟ್ಟುಕೊಂಡು ಪತ್ರ ಬರೆಯುತ್ತಿದ್ದೆ. ಪ್ರೇಮಪತ್ರವಲ್ಲ; ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ. “ನಾನು ಸ್ವಸ್ಥ ಬುದ್ಧಿಯಿಂದ, ಯಾರ ಬಲವಂತವೂ ಇಲ್ಲದೆ ಬರೆಸಿಕೊಟ್ಟ ಶುದ್ಧ ಕ್ರಯಪತ್ರ” ಎಂದು ದಿನಕ್ಕೆ ನಾಲ್ಕೈದು ಸಲ ಬರೆಯುತ್ತಿದ್ದೆ. ಈ ‘ನಾನು’ ಬೆಳಿಗ್ಗೆ ಗಾವಡಗೆರೆಯ ರೈತನಾದರೆ ಮಧ್ಯಾಹ್ನ ಪಿರಿಯಾಪಟ್ಟಣದ ವಿಧವೆ. “ನನಗೀಗ ಎಪ್ಪತ್ತೆಂಟು ವರ್ಷ, ಕಣ್ಣು ಮಂಜಾಗಿದೆ” ಎಂದು ಉಯಿಲು ಬರೆದಿದ್ದೇನೆ, ನನಗೆ ಮೂವತ್ತೊಂದಿದ್ದಾಗ. ಯಾರೂ ಬಂದು ನನ್ನ ಕಣ್ಣು ಬಿಡಿಸಿ ನೋಡಲಿಲ್ಲ. ತಾಲ್ಲೂಕಿನ ಅರ್ಧ ಹೊಲಗದ್ದೆಯನ್ನು ‘ನಾನು’ ಎಂದುಕೊಂಡೇ ಮಾರಿದ್ದೇನೆ. “ಏನ್ ಸ್ವಾಮಿ, ಜಮೀನು ಮಾರ್ಕಂಡ್ರಂತೆ?” ಎಂದು ಒಬ್ಬನಾದರೂ ವಿಚಾರಿಸಿದ್ದುಂಟೆ? ಇಲ್ಲ. ಪತ್ರದ ‘ನಾನು’ ಬೇರೆ, ಬರೆಯುವ ನಾನು ಬೇರೆ ಎಂಬ ತಿಳಿವಳಿಕೆ ಹೆಬ್ಬೆಟ್ಟು ಒತ್ತುವವರಿಗೂ ಇತ್ತು. ಅದೇ ಜನ ಒಂದು ಕತೆ ಓದುವಾಗ ಆ ತಿಳಿವಳಿಕೆಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬಂದರು ಎನ್ನುವುದೇ ನನ್ನ ಫಿರ್ಯಾದು.

ಕತೆ ಬರೆಯುವ ದುರ್ಬುದ್ಧಿ ನನಗೆ ಬಂದದ್ದು ಕೈಗೆ ಕೆಲಸವಿಲ್ಲದ ಒಂದು ಆಷಾಢದಲ್ಲಿ. ಕಚೇರಿಯ ಜವಾನ ಚಿಕ್ಕಣ್ಣ ತರಿಸುತ್ತಿದ್ದ ವಾರಪತ್ರಿಕೆಯ ಪ್ರೇಮಕತೆಗಳನ್ನು ಓದಿ ಓದಿ, ಇಷ್ಟನ್ನು ನಾನೂ ಬರೆಯಬಲ್ಲೆ ಎನ್ನಿಸಿತು. ಮೊದಲ ಸಲ ಬರೆದಾಗ ನಾಯಕನಿಗೆ ರಾಜಶೇಖರ ಎಂದು ಹೆಸರಿಟ್ಟೆ. ‘ಅವನು’ ಎಂದೇ ಬರೆದೆ. ಕ್ರಯಪತ್ರದಲ್ಲಿ ಸ್ವತ್ತು ಮೂಲದಲ್ಲಿ ಯಾರಿಂದ ಬಂತು ಎಂದು ಹೇಳದೆ ಮುಂದೆ ಹೋಗುವಂತಿಲ್ಲವಲ್ಲ, ಆ ಅಭ್ಯಾಸಬಲದಿಂದ ರಾಜಶೇಖರನ ಅಜ್ಜನಿಂದ ಶುರುಮಾಡಿದೆ. ನಾಯಕಿ ಬರುವ ಹೊತ್ತಿಗೆ ಹತ್ತೊಂಬತ್ತನೆಯ ಪುಟ. ಸಂಪಾದಕರು ಅಷ್ಟು ಹೊತ್ತು ಕಾಯಲಿಲ್ಲ, ಹಿಂದಕ್ಕೆ ಕಳಿಸಿದರು.

ಆಗ ನನಗೆ ಛಲ ಬಂತು. ಅಜ್ಜನನ್ನೂ ಅಪ್ಪನನ್ನೂ ಕತ್ತರಿಸಿದೆ. ಕತೆಯನ್ನು ತಲೆಕೆಳಗು ಮಾಡಿ, ಬಸ್ಸು ಹೊರಟುಹೋಗುವ ಕೊನೆಯಿಂದ ಮೊದಲುಮಾಡಿದೆ. ‘ಅವನು’ ಎಂದು ಇದ್ದಲ್ಲೆಲ್ಲ ಹೊಡೆದು ‘ನಾನು’ ಎಂದು ಬರೆದೆ. ಆಶ್ಚರ್ಯವೆಂದರೆ, ಬೆಳಿಗ್ಗೆಯವರೆಗೆ ಹೆಣದಂತೆ ಬಿದ್ದಿದ್ದ ರಾಜಶೇಖರ ಒಮ್ಮೆಲೇ ಎದ್ದು ಕೂತು ನಿಟ್ಟುಸಿರು ಬಿಟ್ಟ. ‘ಅವನಿಗೆ ದುಃಖವಾಯಿತು’ ಎಂದರೆ ನನಗೇ ಆಕಳಿಕೆ. ‘ನನಗೆ ದುಃಖವಾಯಿತು’ ಎಂದರೆ ಶಲ್ಯದ ತುದಿ ತಾನಾಗಿ ಕಣ್ಣಿಗೆ ಹೋಗುತ್ತಿತ್ತು. ಇಂಥ ಮಾಟ ಈ ಎರಡಕ್ಷರದಲ್ಲಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ಕತೆ ಇಷ್ಟೇ. ಹುಣಸೂರಿನ ಬಸ್‌ನಿಲ್ದಾಣದಲ್ಲಿ ‘ನಾನು’ ಒಬ್ಬಳನ್ನು ನೋಡುತ್ತೇನೆ. ಅವಳು ಅಂತರಸಂತೆಯವಳು. ನನಗೂ ಅಂತರಸಂತೆಗೂ ಯಾವ ಸಂಬಂಧವೂ ಇಲ್ಲ. ಎಚ್.ಡಿ. ಕೋಟೆಯಿಂದಾಚೆಗೆ ನಾನು ಕಾಲಿಟ್ಟವನೇ ಅಲ್ಲ. ಊರಿನ ಹೆಸರಿನಲ್ಲಿ ‘ಅಂತರ’ ಇದೆಯಲ್ಲ, ವಿರಹಕ್ಕೆ ಒದಗುತ್ತದೆ ಎಂದು ಹಾಕಿದೆ. ಮೂರು ಭೇಟಿಯ ಮೇಲೆ ಅವಳು ಬಸ್ಸು ಹತ್ತಿ ಹೋಗುತ್ತಾಳೆ, ಮತ್ತೆ ಬರುವುದಿಲ್ಲ. ಎರಡನೆಯ ಭೇಟಿಗೂ ಮೂರನೆಯದಕ್ಕೂ ನಡುವೆ ಏನು ನಡೆಯಬೇಕೆಂದು ನನಗೆ ಹೊಳೆಯಲಿಲ್ಲ. ಅನುಭವವಿದ್ದರೆ ತಾನೇ ಹೊಳೆಯುವುದು? ಆದ್ದರಿಂದ ಅಲ್ಲಿ ಎರಡು ಸಾಲು ಚುಕ್ಕಿ ಇಟ್ಟೆ. ಇನ್ನೊಂದು ತಪ್ಪು ವೃತ್ತಿಯದು. ಜಮೀನಿನ ನಾಲ್ಕು ದಿಕ್ಕಿನ ಗಡಿಗೆ ನಾವು ಚಕ್ಕುಬಂದಿ ಎನ್ನುತ್ತೇವೆ. ಅದು ಸರಿಯಿಲ್ಲದ ಪತ್ರ ಬಿದ್ದುಹೋಗುತ್ತದೆ. ಅವಳ ಕೆನ್ನೆಗೆ ಒಂದು ಮಚ್ಚೆ ಇಟ್ಟೆನಲ್ಲ, ಕೈ ಸುಮ್ಮನಿರದೆ ಅದಕ್ಕೂ ಚಕ್ಕುಬಂದಿ ಬರೆಯಿತು: ಒಂದು ಕಡೆ ಮೂಗು, ಒಂದು ಕಡೆ ಕಿವಿ, ಮೇಲೆ ಕಣ್ಣು, ಕೆಳಗೆ ತುಟಿಯ ಅಂಚು.

ಕತೆ ಅಚ್ಚಾಯಿತು. ಚಿಕ್ಕಣ್ಣ ಕಚೇರಿಯ ಜಗಲಿಯಲ್ಲಿ ನಿಂತು ದೊಡ್ಡದಾಗಿ ಓದಿ, ಮುಗಿಸಿ, ನನ್ನನ್ನು ಒಂದು ಥರ ನೋಡಿದ. “ಇಷ್ಟ್ ದಿವ್ಸ ಪಕ್ಕದಲ್ಲೇ ಕೂತಿದ್ರೂ ಒಂದ್ ಮಾತು ಯೋಳ್ನಿಲ್ವಲ್ಲ ಸ್ವಾಮಿ” ಎಂದ. ಹೋಟೆಲಿಗೆ ನಾನು ಹೋದರೆ ಮರ್ಯಾದೆಯಿಂದ ಬೆಂಚಿನ ಮೇಲೆ ಜಾಗ ಬಿಡತೊಡಗಿದರು. ಸಂಜೆ ಮನೆಗೆ ಹೋದರೆ ನನ್ನ ಹೆಂಡತಿ ಗೌರಮ್ಮ ಪತ್ರಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಕೆ.ಆರ್. ನಗರದ ಕಡೆ ನಾಲೆ ಕೆಳಗಿನ ಹಳ್ಳಿಯವಳು. ಎಂಟನೆಯ ತರಗತಿ ಓದಿದವಳು. ಮದುವೆಯಾಗಿ ಆರು ವರ್ಷಗಳಲ್ಲಿ ಒಂದು ದಿನವೂ ಜೋರಾಗಿ ಮಾತಾಡಿದವಳಲ್ಲ.

“ನಾನೇನೂ ಕೇಳಲ್ಲ ಬುಡಿ” ಎಂದಳು. “ಈ ಚುಕ್ಕಿಗಳು ಇದಾವಲ್ಲ, ಇಲ್ಲೇನ್ ನಡೀತು, ಅಷ್ಟ್ ಹೇಳಿ ಸಾಕು.”

“ಏನೂ ನಡೆಯಲಿಲ್ಲ ಕಣೇ. ನನಗೆ ತೋಚಲಿಲ್ಲ, ಅದಕ್ಕೇ ಚುಕ್ಕಿ ಇಟ್ಟೆ.”

“ಏನೂ ನಡೀದೆ ಇದ್ರೆ ಎರಡ್ ಸಾಲು ಯಾಕೆ? ಒಂದ್ ಸಾಲು ಸಾಲ್ತಿರ್ಲಿಲ್ವಾ?”

ಅವಳು ಅಳಲಿಲ್ಲ, ಕೂಗಾಡಲಿಲ್ಲ. ನನ್ನೊಡನೆ ನೇರವಾಗಿ ಮಾತಾಡುವುದನ್ನು ನಿಲ್ಲಿಸಿದಳು, ಅಷ್ಟೇ. “ನೀರ್ ಕಾದದೆ, ಮೀಯೋರು ಮೀಬೋದು” ಎಂದು ಒಲೆಗೆ ಹೇಳುವಳು. “ಮುದ್ದೆ ಆಗದೆ, ಉಣ್ಣೋರು ಉಣ್ಬೋದು” ಎಂದು ಕಂಬಕ್ಕೆ ಹೇಳುವಳು. ವ್ಯಾಕರಣದಲ್ಲಿ ‘ನಾನು’ ಎಂಬುದಕ್ಕೆ ಉತ್ತಮ ಪುರುಷ ಎಂದು ಹೆಸರಿಟ್ಟ ಮಹಾನುಭಾವ ಮದುವೆಯಾಗಿರಲಿಲ್ಲವೆಂದು ಕಾಣುತ್ತದೆ. ಇಪ್ಪತ್ತು ದಿನ ನನ್ನ ಮನೆಯಲ್ಲಿ ನಾನು ‘ಉಣ್ಣೋರು’ ಆಗಿ ಬದುಕಿದೆ. ಒಬ್ಬ ರಾಜಶೇಖರನನ್ನು ಬದುಕಿಸಲು ಹೋಗಿ ಇಷ್ಟು!

ಆ ಇಪ್ಪತ್ತು ದಿನ ಮುಗಿಯುತ್ತ ಬಂದಾಗ ನನ್ನ ಮಾವನವರು ಬಂದರು. ಓದು ಬರಹ ಗೊತ್ತಿಲ್ಲದವರು, ಆದರೆ ಊರಿನ ನ್ಯಾಯಕ್ಕೆಲ್ಲ ಅವರೇ ಬೇಕು. ಹೆಗಲ ಮೇಲಿನ ಟವೆಲ್ಲು ಕೊಡವಿ ಕೂತು, ಗಂಟಲು ಸರಿಮಾಡಿಕೊಂಡರು.

“ಅಳಿಯಂದ್ರೆ, ಮೇಷ್ಟ್ರ ಕೈಲಿ ಎಲ್ಡು ಸಲ ಓದ್ಸಿ ಕೇಳಿವ್ನಿ. ಬೈಯಕ್ಕೆ ಬಂದಿಲ್ಲ. ಒಂದೇ ಮಾತು ಕೇಳ್ತೀನಿ. ಆವಮ್ಮ ಈಗ ಎಲ್ಲವ್ಳೆ?”

“ಎಲ್ಲೂ ಇಲ್ಲ ಮಾವ. ಅಂಥವಳು ಇಲ್ಲವೇ ಇಲ್ಲ.”

“ತೀರ್ಕಂಡ್ಲಾ?” ಅವರ ದನಿ ನಿಜವಾಗಿ ಮೆತ್ತಗಾಯಿತು.

“ಅಯ್ಯೋ, ಹುಟ್ಟೇ ಇಲ್ಲ ಮಾವ!”

“ಉಟ್ಟೇ ಇಲ್ದೋಳ್ನ ಬಸ್ ಅತ್ಸಿ ಕಳುಸ್ಬುಟ್ರಾ?”

ಕಲ್ಪನೆ ಎಂದರೇನೆಂದು ಒಂದು ಗಂಟೆ ವಿವರಿಸಿದೆ. ಅವರು ತಲೆ ಆಡಿಸುತ್ತ ಕೇಳಿದರು. ಮಾರನೆಯ ದಿನ ಎದ್ದು ಅಂತರಸಂತೆಯ ಬಸ್ಸು ಹತ್ತಿದರು. ಸಂತೆಯ ದಿನ ನೋಡಿಕೊಂಡೇ ಹೋಗಿದ್ದರು. ಸಂಜೆ ಒಂದು ಬಾಟಲಿ ಕಾಡುಜೇನು ಹಿಡಿದುಕೊಂಡು ವಾಪಸು ಬಂದು, ಅದನ್ನು ಮಗಳ ಕೈಗೆ ಕೊಟ್ಟು, ನನಗೆ ವರದಿ ಒಪ್ಪಿಸಿದರು. “ಸಂತೆ ಪೂರ್ತಿ ತಿರುಗ್ದೆ. ಮೆಣಸಿನ್ಕಾಯಿ ಮಾರೋಳು ಒಬ್ಳಿಗೆ ನೀವ್ ಬರ್ದ ಜಾಗದಲ್ಲೇ ಮಚ್ಚೆ ಇತ್ತು. ಉಣ್ಸೂರಲ್ಲಿ ಪತ್ರ ಬರ್ಯೋರು ಗೊತ್ತೇನವ್ವ ಅಂದೆ. ತೂಕದ ಕಲ್ಲು ಕೈಗೆತ್ಕಂಡ್ಲು. ಬಂದ್ಬುಟ್ಟೆ.”

“ನೋಡಿದಿರಾ ಮಾವ? ನಾನು ಹೇಳಲಿಲ್ಲವೇ?”

“ಏನ್ ನೋಡೋದು? ನಾನ್ ಇಷ್ಟ್ ಉಡುಕುದ್ರೂ ಸಿಕ್ನಿಲ್ಲ ಅಂದ್ರೆ, ನೀವು ಎಷ್ಟ್ ಉಷಾರಾಗಿ ಬಚ್ಚಿಟ್ಟಿರ್ಬೇಕು!”

ಈ ತರ್ಕಕ್ಕೆ ಯಾವ ಕೋರ್ಟು ಏನು ಮಾಡೀತು? ಮಾವನವರು ಊರಿಗೆ ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಗೌರಮ್ಮನ ಎದುರು ನಿಂತು ಹೇಳಿದೆ: “ನೋಡು, ಈ ಮನೆಯಲ್ಲಿ ಇನ್ನು ಮೇಲೆ ಕತೆಯೂ ಬೇಡ, ಕಾಗದವೂ ಬೇಡ. ನಾನು ಬರೆಯುವುದೇ ಇಲ್ಲ.”

ಅವಳು ಕಂಬವನ್ನು ಬಿಟ್ಟು, ಇಪ್ಪತ್ತು ದಿನದಲ್ಲಿ ಮೊದಲ ಸಲ ನನ್ನನ್ನೇ ನೋಡಿದಳು. “ಯಾಕ್ ಬರೆಯಲ್ಲ? ಬರೀರಿ. ಕಂಡಿಲ್ದೋರ ಕತೆ ಅಷ್ಟ್ ಚೆನ್ನಾಗಿ ಬರೀತೀರಲ್ಲ, ಕಂಡೋರದ್ದೂ ಒಂದ್ ಬರೀರಿ ನೋಡನ. ನಂದು, ನಿಮ್ದು. ಚುಕ್ಕಿ ಮಾತ್ರ ಇರಬಾರ್ದು.”

ಇದು ಸಂಧಾನದ ಷರತ್ತು ಎಂದು ತಿಳಿದು ಆ ಭಾನುವಾರವೇ ಕೂತೆ. ಎಲ್ಲಿಂದ ಶುರುಮಾಡಬೇಕೆಂಬ ಬಗ್ಗೆ ಅನುಮಾನವೇ ಇರಲಿಲ್ಲ. ಹೆಣ್ಣು ನೋಡಲು ಹೋದ ದಿನ. ಅವಳು ಕಾಫಿ ತಟ್ಟೆ ಹಿಡಿದು ಬಂದದ್ದು, ನಮ್ಮಿಬ್ಬರ ಕಣ್ಣು ಸೇರಿದ್ದು, ಕಣ್ಣಲ್ಲೇ ಒಪ್ಪಿಗೆಯಾದದ್ದು. ಎರಡು ಪುಟ ಬರೆದು ಅವಳಿಗೆ ಓದಿ ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು.

“ಯಾವ ಕಣ್ಣು ಸೇರ್ತು ಕಣ್ರೀ? ನಾನ್ ಅವತ್ತು ನಿಮ್ಮನ್ನ ನೋಡೇ ಇಲ್ಲ. ಲೋಟ ಉರುಳ್ತದೆ ಅಂತ ನನ್ ಕಣ್ಣೆಲ್ಲ ತಟ್ಟೆ ಮೇಲಿತ್ತು. ಕಂಡಿದ್ದು ನಿಮ್ಮ ಕಾಲು. ಹೆಬ್ಬೆಟ್ಟಿನ ಉಗುರು ಕಪ್ಪಗಿತ್ತು. ಒಳಗೆ ಬಂದು ಅವ್ವನ ಹತ್ರ ಬೇಡ ಅಂದಿದ್ದೆ.”

ಆರು ವರ್ಷ ನಾನು ಎದೆಯಲ್ಲಿಟ್ಟುಕೊಂಡಿದ್ದ ನೋಟ ಹಾಗೆ ನೆಲಕ್ಕೆ ಬಿತ್ತು. ಅವಮಾನದಿಂದ ಕೇಳಿದೆ: “ಹಾಗಾದರೆ ನಿನ್ನ ಪ್ರಕಾರ ಕತೆ ಎಲ್ಲಿಂದ ಶುರುವಾಗಬೇಕು?”

ಅವಳು ಯೋಚಿಸಲೂ ಇಲ್ಲ. “ಆಸ್ಪತ್ರೆಯಿಂದ” ಎಂದಳು.

ಮದುವೆಯಾದ ಎರಡನೆಯ ವರ್ಷ ಅವಳಿಗೆ ಟೈಫಾಯ್ಡ್ ಬಂದು ಮೂರು ವಾರ ಆಸ್ಪತ್ರೆಯಲ್ಲಿ ಮಲಗಿದ್ದಳು. ನನ್ನ ನೆನಪಿನಲ್ಲಿ ಅದು ಓಡಾಟದ, ನಿದ್ದೆಗೆಟ್ಟ, ಗಿರಾಕಿಗಳು ಬೇರೆ ಮರದ ಕೆಳಗೆ ಹೋದ ಕಾಲ. ಅವಳು ಹೇಳಿದ್ದೇ ಬೇರೆ. ಜ್ವರದಲ್ಲಿ ಮಲಗಿ ಮಲಗಿ ಅವಳ ಮೊಣಕಾಲುದ್ದದ ಕೂದಲು ಸಿಕ್ಕಾಗಿ ತೆಂಗಿನ ನಾರಿನ ಉಂಡೆಯಂತಾಗಿತ್ತಂತೆ. ಬಿಡಿಸುವುದು ಕಷ್ಟ, ಕತ್ತರಿಸಿಬಿಡೋಣ ಎಂದು ಎಲ್ಲರೂ ಹೇಳಿದರಂತೆ. ಅವಳಿಗೆ ಬೇಡ ಎನ್ನಲೂ ಶಕ್ತಿಯಿರಲಿಲ್ಲ.

“ನೀವು ಒಂದ್ ಸೀಸೆ ಹರಳೆಣ್ಣೆ ತಂದ್ರಿ. ಬಾಚಣಿಗೆ ಹಿಡಿಯೋಕ್ ಬರ್ತಿರ್ಲಿಲ್ಲ ನಿಮ್ಗೆ. ಊಟದ ಹೊತ್ತಿಂದ ದೀಪ ಹಚ್ಚೋ ಹೊತ್ತಿನ ತನ್ಕ ಒಂದೊಂದೇ ಎಳೆ ಬಿಡಿಸ್ತಾ ಕೂತ್ರಿ. ವಾರ್ಡಲ್ಲಿ ಇದ್ದೋರೆಲ್ಲ ನೋಡ್ತಿದ್ರು. ಪಕ್ಕದ ಮಂಚದ ಮುದುಕಿ ಕಿಸಿಕಿಸಿ ನಗ್ತಿತ್ತು. ನಿಮ್ಗೆ ನಾಚ್ಕೆ ಆಗಿ ಕಿವಿ ಕೆಂಪಗಾಗಿತ್ತು. ಆದ್ರೂ ಬಿಡ್ಲಿಲ್ಲ. ಅವತ್ತು ನಿಮ್ಮ ಮುಖಾನ ಸರಿಯಾಗಿ ನೋಡ್ದೆ.”

ನಿಜ ಹೇಳುತ್ತೇನೆ, ನನಗೆ ಅದು ನೆನಪೇ ಇರಲಿಲ್ಲ. ಆ ಮಧ್ಯಾಹ್ನದ್ದು ನನಗೆ ನೆನಪಿದ್ದದ್ದು ಬೆನ್ನು ನೋವು ಒಂದೇ. ನನ್ನ ಬದುಕಿನ ಒಂದೇ ಒಂದು ಪ್ರೇಮಕತೆ ನನ್ನ ಬೆನ್ನ ಹಿಂದೆ ನಡೆದುಹೋಗಿತ್ತು. ಅದನ್ನು ಹೇಳುವ ಯೋಗ್ಯತೆ ಇದ್ದದ್ದು ನೋಡಿದವಳಿಗೆ, ಮಾಡಿದವನಿಗಲ್ಲ.

ಹಾಗಾಗಿ ಅವಳ ಬಾಯಲ್ಲೇ ಬರೆದೆ. ಈ ಕತೆಯ ‘ನಾನು’ ಗೌರಮ್ಮ. ಅವಳು ಬಾಳೆಲೆ ಒರೆಸುತ್ತ ಹೇಳುವಳು, ನಾನು ಬರೆಯುವೆ. ನಾನು ‘ಕಂಗಳು’ ಎಂದರೆ ‘ಕಣ್ಣು ಅನ್ರೀ’ ಎನ್ನುವಳು. ಹರಳೆಣ್ಣೆಯನ್ನು ಮಲ್ಲಿಗೆ ಎಣ್ಣೆ ಮಾಡೋಣ ಎಂದೆ, ಬಿಡಲಿಲ್ಲ. ಮೊದಲಿನಿಂದ ಕೊನೆಯವರೆಗೆ ನಡೆದ ಹಾಗೆಯೇ, ಒಂದು ಚುಕ್ಕಿಯಿಲ್ಲದೆ ಬರೆದು ಮುಗಿಸಿದೆವು. ಆಮೇಲೆ ಅವಳು ‘ಊಟಕ್ಕೆ ಬನ್ರೀ’ ಎಂದು ನನ್ನನ್ನು ನೋಡಿಯೇ ಕರೆದಳು. ಕತೆ ಅದೇ ಪತ್ರಿಕೆಯಲ್ಲಿ ಬಂತು.

ಈಗ ಕೇಳಿ ಅನ್ಯಾಯವನ್ನು. ಮೊದಲ ಕತೆಯ ಪ್ರತಿ ಅಕ್ಷರವೂ ಸುಳ್ಳು. ಅದನ್ನು ಇಡೀ ತಾಲ್ಲೂಕು ನಂಬಿತ್ತು. ಎರಡನೆಯದರ ಪ್ರತಿ ಅಕ್ಷರವೂ ನಿಜ; ಅದನ್ನು ಒಬ್ಬನೂ ನಂಬಲಿಲ್ಲ. “ಎಂಗಸ್ರ ಥರ ಬರ್ದವ್ರೆ, ಪೂರ್ತಿ ಕಟ್ಟು ಕತೆ” ಎಂದು ಚಿಕ್ಕಣ್ಣ ಅರ್ಧಕ್ಕೇ ಓದು ನಿಲ್ಲಿಸಿದ. ಮಾವನವರು ಒಂದು ಚೀಲ ಅವರೆಕಾಯಿ ಹೊತ್ತುಕೊಂಡು ಬಂದವರು ತಮ್ಮ ಅಭಿಪ್ರಾಯವನ್ನೂ ಇಳಿಸಿದರು.

“ಅಳಿಯಂದ್ರೆ, ಮೊದಲ್ನೇದು ಚೆನ್ನಾಗಿತ್ತು, ನಡೆದಂಗಿತ್ತು. ಇದು ಸುಳ್ಳು ಅಂತ ಗೊತ್ತಾಗ್ಬುಡ್ತದೆ. ಗಂಡ್ಸಾದೋನು ಎಂಡ್ತಿ ತಲೆ ಬಾಚ್ತಾನಾ, ಅದೂ ನಾಕ್ ಜನದ್ ಮುಂದೆ?”

ನನಗೆ ಮೈಯೆಲ್ಲ ಉರಿದುಹೋಯಿತು. “ನಡೆದದ್ದೇ ಮಾವ! ಸಾಕ್ಷಿ ಇಲ್ಲೇ ಇದ್ದಾಳೆ. ಹೇಳೇ ಗೌರಿ, ನಿಮ್ಮಪ್ಪನಿಗೆ ಹೇಳು!”

ಗೌರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. “ಕತೆ ತಾನೆ ಅಪ್ಪ, ಬುಡು” ಎಂದು ಅವರೆಕಾಯಿ ಎತ್ತಿಕೊಂಡು ಒಳಗೆ ಹೋದಳು.

ಮಾವನವರು ಊರಿಗೆ ಹೊರಡುವುದನ್ನೇ ಕಾದು ಅವಳ ಮೇಲೆ ಹಾರಾಡಿದೆ. ಇಂಥ ದ್ರೋಹವನ್ನು ಯಾವ ಸಾಕ್ಷಿಯೂ ಮಾಡಿರಲಿಲ್ಲ ಎಂದೆ. ಅವಳು ಅವರೆಕಾಳು ಹಿದುಕುತ್ತ, ತಲೆಯೆತ್ತದೆ ಹೇಳಿದಳು: “ಹೌದು ಅಂದಿದ್ರೆ ಅಪ್ಪ ಊರೂರಿಗೆ ಹೇಳ್ಕಂಡ್ ಬರ್ತಿತ್ತು. ಆಮೇಲೆ ಗಂಡಸ್ರೆಲ್ಲ ನಿಮ್ಮನ್ನ ಆಡ್ಕಳ್ಳಲ್ವಾ? ನಿಮ್ ಮಾನ ಉಳಿಸ್ದೆ ಕಣ್ರೀ.”

ಮಾನ ಉಳಿಸಿದಳಂತೆ! ಕಂಡರಿಯದವಳ ಹಿಂದೆ ಅಲೆದವನಿಗೆ ಹೋಟೆಲಿನಲ್ಲಿ ಬೆಂಚು ಬಿಡುವ ಊರು ಇದು. ಕಟ್ಟಿಕೊಂಡವಳ ತಲೆ ಬಾಚಿದವನ ಮಾನವನ್ನು ಸುಳ್ಳು ಹೇಳಿ ಉಳಿಸಬೇಕಂತೆ. ಇಂಥ ಊರಿನ ಮುಖಕ್ಕೆ ನಿಜವನ್ನು ಹೇಳಿಯೇ ಬರುತ್ತೇನೆ ಎಂದು ಶಲ್ಯ ಕೊಡವಿಕೊಂಡು ಹೋಟೆಲಿಗೆ ನಡೆದೆ. ಬೆಂಚು ತುಂಬಾ ಜನ. ಚಿಕ್ಕಣ್ಣ ಎಲ್ಲರಿಗೂ ಕೇಳುವಂತೆ ಕೇಳಿದ: “ಸ್ವಾಮಿ, ಆ ಆಸ್ಪತ್ರೆಲಿ ಎಂಡ್ತಿ ಸಿಕ್ಕು ಬುಡ್ಸ್ತಾ ಕೂತಿದ್ದೋನು, ನೀವೇನಾ?”

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕಿವಿ ಬಿಸಿಯಾಗುತ್ತಿರುವುದು ನನಗೇ ತಿಳಿಯಿತು.

“ಛೆ, ಛೆ” ಎಂದೆ. “ಎಲ್ಲಾ ಕಲ್ಪನೆ ಕಣಯ್ಯ, ಬರೀ ಕಲ್ಪನೆ.”

ಈ ಸಲ ಅವರು ತಕ್ಷಣ ನಂಬಿದರು.